ಎರಡು ಕುರ್ಚಿಯ ಸೆನೋನ್

ಇಟಾಕುವಾ ಊರಿಗೆ ಗುಮಾಸ್ತ ಅಂತ ಇರುವವನು ಸೆನೋನ್ ಒಬ್ಬನೇ. ಹಾಗಾಗಿ ಬೆಳಿಗ್ಗೆ ಅವನು ಸರ್ಕಾರದ ಜಮೀನು ಕಚೇರಿ, ಮಧ್ಯಾಹ್ನದ ನಿದ್ದೆಯ ಹೊತ್ತು ಕಳೆದ ಮೇಲೆ ಅದೇ ಮೇಜಿನ ಆಚೆಯ ಕುರ್ಚಿಯಲ್ಲಿ ಪುರಸಭೆ. ರೈಲು ನಿಂತುಹೋಗಿ ಹುಲ್ಲು ಬೆಳೆದಿರುವ ಸರ್ಕಾರದ ಜಾಗವನ್ನು ಪುರಸಭೆಗೆ ವಹಿಸಿಕೊಟ್ಟರೆ, ಸೂರಿಲ್ಲದ ಅರವತ್ತು ಸಂಸಾರಗಳಿಗೆ ಕೈಗೆಟಕುವ ಬೆಲೆಯಲ್ಲಿ ಮನೆಗಳು ಏಳುತ್ತವೆ. ಒಂಬತ್ತು ವರ್ಷದಿಂದ ಬೆಳಿಗ್ಗೆ ಸೆನೋನ್, "ಮಾನ್ಯರೆ, ಜಾಗ ವಹಿಸಿಕೊಳ್ಳಿ" ಎಂದು ಬರೆಯುತ್ತಾನೆ. ಸಂಜೆ ಆ ಲಕೋಟೆಯನ್ನು ತಾನೇ ಒಡೆದು, "ನಕ್ಷೆ ಲಗತ್ತಾಗಿಲ್ಲ" ಎಂದು ಹುಬ್ಬು ಗಂಟಿಕ್ಕಿ ವಾಪಸು ಮಾಡುತ್ತಾನೆ. ಮರುದಿನ ಅದನ್ನೋದಿ ಅವನಿಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬಾಗಿಲಲ್ಲಿ ಚಿಪಾ ರೊಟ್ಟಿ ಮಾರುವ ಕಸಿಲ್ದಾ ಸಂಜೆ ಹೊತ್ತು, "ಆ ಬೆಳಿಗ್ಗೆಯವನಿಗೆ ನೀನಾದ್ರೂ ಒಂದ್ಮಾತು ಹೇಳಬಾರ್ದೇನೋ?" ಎಂದು ಛೇಡಿಸಿದರೆ, "ಹೇಳ್ದೆ ಕಣಕ್ಕಾ, ಅವ್ನು ಕೇಳೋ ಪೈಕಿ ಅಲ್ಲ" ಎನ್ನುತ್ತಾನೆ, ನಗದೆ. ಈಗ ನಕ್ಷೆಯೂ ಸೇರಿ ಕಾಗದವೆಲ್ಲ ಸರಿಯಾಗಿದೆ. ಆದರೆ ಕೊಡುವವರೂ ಪಡೆಯುವವರೂ ಎದುರುಬದುರು ಕೂತು ಒಟ್ಟಿಗೆ ರುಜು ಹಾಕಬೇಕಂತೆ. ರಾಜಧಾನಿಗೆ ಬರೆದು ಕೇಳಿದರೆ, "ಇಬ್ಬರೂ ಹಾಜರಿರತಕ್ಕದ್ದು" ಎಂದಷ್ಟೇ ಉತ್ತರ. ಹೀಗಾಗಿ ದಿನಾ ಮಧ್ಯಾಹ್ನ ಊರೆಲ್ಲ ಮಲಗಿದಾಗ ಸೆನೋನ್ ಕದ ಹಾಕಿಕೊಂಡು, ತಾನು ಗುಟುಕರಿಸಿದ ತೆರೆರೆ ಎಂಬ ತಣ್ಣನೆಯ ಎಲೆಕಷಾಯದ ಲೋಟವನ್ನು ಖಾಲಿ ಕುರ್ಚಿಯತ್ತ ಚಾಚಿ, ಆ ಅರವತ್ತು ಸಂಸಾರಗಳ ಹೆಸರನ್ನೂ ಬಾಯಿಪಾಠ ಒಪ್ಪಿಸುತ್ತಾನೆ. ಹನ್ನೆರಡನೆಯದು ಕಸಿಲ್ದಾಳದು. "ಬಾರಪ್ಪಾ, ಇವತ್ತಾದ್ರೂ ಬಾ" ಎಂದು ಬೇಡುತ್ತಾನೆ. ಆಮೇಲೆ ಎದ್ದು, ಮೇಜು ಸುತ್ತಿ ಬಂದು, ಆ ಕುರ್ಚಿಯಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದು ತಲೆಯೆತ್ತುತ್ತಾನೆ. ಎದುರಿಗೆ ಯಾರೂ ಇರುವುದಿಲ್ಲ.