ಹೇಳಿ ಹೋಗುವುದನ್ನು ಕಲಿತೆ

ಮಲೆನಾಡಿನ ಗೋಣಿಬೀಡಿನಲ್ಲಿ ಬಾಡಿಗೆ ಮನೆಯ ಬಾಗಿಲನ್ನು ಮೊದಲ ಮುಂಜಾನೆ ತೆರೆದಾಗ ಎದುರಿಗೆ ರಸ್ತೆಯೇ ಇರಲಿಲ್ಲ. ಬರೀ ಮಂಜು. ಆ ಬಿಳುಪಿನೊಳಗಿಂದ ಯಾರೋ ಹೆಂಗಸು, ಮಗು ಯಾಕೆ ಅಷ್ಟು ಅಳುತ್ತಿದೆ ಎಂದು ಕೇಳಿದರು. ಬಿರುಬಿಸಿಲಿನ ವಿಜಯಪುರದಲ್ಲಿ ಓಣಿಯ ಆ ತುದಿಯಲ್ಲಿದ್ದವರನ್ನೂ ಮುಖ ನೋಡಿಯೇ ಮಾತಾಡಿಸಿದವಳು ನಾನು. ದನಿಗೆ ಉತ್ತರ ಕೊಡುವ ಮೊದಲು ಅದರ ಮುಖ ಹುಡುಕಿ ಮೆಟ್ಟಿಲಿಳಿದೆ.

ಅದು ಪಕ್ಕದ ಮನೆಯ ಜುಬೇದಕ್ಕನ ದನಿ. ಅವರ ಗಂಡ ಜೀಪು ರಿಪೇರಿ ಮಾಡುವ ಮೆಕ್ಯಾನಿಕ್. ನಾನು ಇಲ್ಲಿನ ಪ್ರೌಢಶಾಲೆಗೆ ಟೀಚರಾಗಿ ಬಂದವಳು. ಗಂಡನ ಕೆಲಸ ವಿಜಯಪುರದಲ್ಲೇ. ಒಂಬತ್ತು ತಿಂಗಳ ಮಗಳು ಗೌರಿಯನ್ನು ಅಲ್ಲಿ ನನ್ನವ್ವ ನೋಡಿಕೊಳ್ಳುತ್ತಿದ್ದಳು. ಇಲ್ಲಿ ಶಾಲೆಯ ಹೊತ್ತಿನಲ್ಲಿ ತಮ್ಮ ಮನೆಯಲ್ಲಿ ಅವಳನ್ನು ನೋಡಿಕೊಳ್ಳಲು ಜುಬೇದಕ್ಕ ಒಪ್ಪಿಕೊಂಡರು.

ಮೊದಲ ವಾರ, ಗೌರಿ ಆಟದಲ್ಲಿ ಮೈಮರೆತಿದ್ದಾಗ ನಾನು ಜುಬೇದಕ್ಕನ ಹಿಂಬಾಗಿಲಿಂದ ಜಾರಿಕೊಳ್ಳುತ್ತಿದ್ದೆ. ಅವಳು ಹಗಲೆಲ್ಲ ಏನೂ ತಿನ್ನುತ್ತಿರಲಿಲ್ಲ. ಮನೆಯಲ್ಲಿ ನಾನು ಬಚ್ಚಲಿಗೆ ಹೋದರೂ ಕಿರುಚತೊಡಗಿದಳು. ಕೆಲಸ ಬಿಟ್ಟು ಊರಿಗೆ ಮರಳಲೇ ಎಂದು ಯೋಚಿಸುತ್ತಿದ್ದಾಗ ಜುಬೇದಕ್ಕ ನನ್ನನ್ನು ಬಾಗಿಲಲ್ಲೇ ತಡೆದರು.

“ಕದ್ದು ಹೋಗ್ಬೇಡಿ ಟೀಚರೇ. ನೀವು ಯಾವಾಗ ಮಾಯ ಆಗ್ತೀರೋ ಅಂತ ಅದಕ್ಕೆ ಹೆದರಿಕೆ. ಹೇಳಿ ಹೋಗಿ. ಅತ್ರೆ ಅಳ್ಲಿ, ನಾನಿದ್ದೀನಲ್ಲ.”

ಮರುದಿನ ಕೆನ್ನೆಗೆ ಮುತ್ತಿಟ್ಟು, ಸಂಜೆ ಬರುತ್ತೇನೆಂದು ಹೇಳಿಯೇ ಹೊರಟೆ. ಅವಳ ಅಳು ಶಾಲೆಯ ಗೇಟಿನವರೆಗೂ ಕಿವಿಯಲ್ಲಿತ್ತು. ಹತ್ತು ದಿನಕ್ಕೆ ಆ ಅಳು ಬರೀ ಮೂತಿ ಚೂಪು ಮಾಡುವುದಕ್ಕೆ ಇಳಿಯಿತು. ಒಂದು ಸಂಜೆ ನೋಡುತ್ತೇನೆ, ಕಡುಬು ಮೆಲ್ಲುತ್ತಿದ್ದಾಳೆ! ನಮ್ಮಲ್ಲಿ ಕಡುಬೆಂದರೆ ಹೂರಣ ತುಂಬಿದ ಸಿಹಿ. ಇಲ್ಲಿ ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಈ ಸಪ್ಪೆ ಉಂಡೆ ನನಗಿಂತ ಮೊದಲು ಅವಳಿಗೆ ಒಗ್ಗಿತ್ತು.

ಆಮೇಲೊಂದು ದಿನ ನಾನು ಕೈ ಚಾಚಿದರೆ ಗೌರಿ ಜುಬೇದಕ್ಕನ ಹೆಗಲಿಗೆ ಮುಖ ಒತ್ತಿಕೊಂಡಳು. ನಾನು ಚಾಚಿದ ಕೈ ಹಿಂದೆಳೆದುಕೊಂಡು ಬಾಗಿಲ ಕಡೆ ತಿರುಗಿದೆ. ಜುಬೇದಕ್ಕ ನಗಲಿಲ್ಲ. ನನ್ನನ್ನು ಕೂರಿಸಿ ಕಾಫಿ ಕೊಟ್ಟು, ಮಗುವನ್ನು ನೆಲಕ್ಕೆ ಬಿಟ್ಟು, “ಕರೀಬೇಡಿ, ಅದೇ ಬರ್ಲಿ,” ಎಂದರು. ಲೋಟ ಖಾಲಿಯಾಗುವ ಮೊದಲೇ ಅವಳು ಅಂಬೆಗಾಲಿಟ್ಟು ನನ್ನ ಮಡಿಲೇರಿದಳು. ಮುಂದೆ ಜುಬೇದಕ್ಕನ ಜೊತೆ ಹೋಗಿ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿದಾಗಲೂ ನನ್ನ ಕೊರಳನ್ನೇ ತಬ್ಬಿದಳು; ತಬ್ಬಿಕೊಂಡೇ ಇನ್ನೊಂದು ಕೈಯನ್ನು ಜುಬೇದಕ್ಕನ ಕಡೆ ಚಾಚಿದಳು. ಅಂದಿಗೆ ನನ್ನ ಹೊಟ್ಟೆಕಿಚ್ಚು ಆರಿತು.

ದಸರೆ ರಜೆಗೆ ವಿಜಯಪುರಕ್ಕೆ ಹೋದಾಗ ಗೌರಿ ಸ್ವಂತ ಅಜ್ಜಿಯನ್ನು ಕಂಡು ಚೀರಿದಳು. ಅವ್ವನ ಮುಖ ಬಾಡಿತು. ಜುಬೇದಕ್ಕನ ಉಪಾಯ ಹೇಳಿದೆ: ಎತ್ತಿಕೊಳ್ಳಬೇಡ, ಅವಳೇ ಬರುವವರೆಗೆ ಕಾದಿರು. ಅವ್ವ ರೊಟ್ಟಿ ಬಡಿಯುತ್ತ ಕೂತಳು. ಎರಡನೇ ದಿನ ಮೊಮ್ಮಗಳು ತಾನೇ ಹತ್ತಿರ ಹೋಗಿ ಹಿಟ್ಟಿಗೆ ಕೈಯಿಟ್ಟಳು.

“ಹೋಗ್ಲಿ ಬಿಡು,” ಎಂದಳು ಅವ್ವ, ಕೂಸನ್ನು ಮಡಿಲಿಗೆಳೆದುಕೊಂಡು. “ಅಲ್ಲೂ ಒಬ್ಬಾಕಿ ಅದಾಳಲ್ಲ. ಕೂಸಿಗೆ ಇನ್ನೊಂದು ಉಡಿ ಹೆಚ್ಚಾತು.”

ಮಗಳು ಮೂರು ದಿನದಲ್ಲಿ ಎರಡೂ ಮನೆಯನ್ನು ತನ್ನದಾಗಿಸಿಕೊಂಡಳು. ನನಗೆ ಮಾತ್ರ ಅದು ಬರಲಿಲ್ಲ. ಅವ್ವನ ಅಡುಗೆಮನೆಯಲ್ಲಿ ಬಿಸಿರೊಟ್ಟಿ ತಿನ್ನುತ್ತಲೇ ಗೋಣಿಬೀಡು ನೆನಪಾಗಿ, ಶಾಲೆ ಶುರುವಾಗಲು ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ. ಎರಡೇ ದಿನ ಉಳಿದಾಗ, ಅವ್ವನನ್ನು ಬಿಟ್ಟು ಹೊರಡಬೇಕಲ್ಲ ಎಂದು ಎಣಿಸುವುದನ್ನು ನಿಲ್ಲಿಸಿಬಿಟ್ಟೆ.