ಸುರೇಖಾನ ಕೂಸು ಅತ್ತಾಗ

ಮುಚ್ಚಂಡಿ ಅಂಗನವಾಡ್ಯಾಗ ತಿಂಗಳಿಗೊಮ್ಮೆ ಕೂಸುಗಳ ತೂಕ ನೋಡ್ತಾರ. ಅಲ್ಲಿ ಕೂಡೂ ಬಾಣಂತ್ಯಾರೊಳಗ ಸುರೇಖಾ ನನ್ನ ಗೆಳತಿ, ಆದ್ರ ಬಾಯಿ ಜೋರ. "ನನ್ನ ಹಾಲು ಇಬ್ಬರಿಗೆ ಸಾಕಾಗ್ತೈತಿ" ಅಂತ ಹೇಳಿ, ನನ್ನ ಸಣಕಲು ಮಗಳನ್ನ ನೋಡಿ ನಗಾಕಿ.

ಒಂದಿನ ತನ್ನ ಕೂಸನ್ನ ನನ್ನ ತೊಡಿಮ್ಯಾಲ ಹಾಕಿ, ಸಹಿ ಮಾಡಾಕ ಒಳಗ ಹೋದ್ಲು. ಕೂಸು ಚೀರಿ ಚೀರಿ ಅಳಾಕ ಹತ್ತಿತು. ತಡೀಲಾರದ ಎದಿಗೆ ಹಚ್ಚಿಕೊಂಡೆ. ಎಷ್ಟೋ ದಿನದಿಂದ ಹಸಿದವರಂಗ ಗಟಗಟ ಕುಡೀತು. ಎಲ್ಲಾರೂ ನೋಡಿದ್ರು.

ಸುರೇಖಾ ಬಂದಾಕಿ ಕೂಸು ಕಸ್ಕೊಂಡ್ಲು. "ನನ್ನ ಹಾಲು ಬತ್ತಿ ಹದಿನೈದ ದಿನ ಆತು. ಕುಡಿಸೋದು ಕುಡಿಸಿದಿ, ಇಷ್ಟ ಮಂದಿ ಮುಂದ ಯಾಕ ಕುಡಿಸಿದಿ?" ಅಂದ್ಲು, ಸಣ್ಣ ದನಿಯೊಳಗ.

ಈಗ ಆಕಿ ದೂರ ಗ್ವಾಡಿ ಹತ್ರ ಕುಂದರ್ತಾಳ, ನನ್ನ ಜೋಡಿ ಮಾತಿಲ್ಲ. ಆಕಿ ಕೂಸು ಅತ್ರ ಮಾತ್ರ ಇಲ್ಲಿ ಹಾಲಿಳಿದು ನನ್ನ ಕುಪ್ಪಸ ತೊಯ್ತೈತಿ. ಎದಿಗೇನ ಗೊತ್ತ, ನಮ್ಮ ಮಾತು ನಿಂತದ್ದು?