ಗುಲಾಬಿ ಗುರುತಿನ ನಳಿಕೆ ಮತ್ತು ಶಶಿಪ್ರಭಾ ಮೇಡಂ

ಬ್ಯಾಕ್ಟೀರಿಯಾ ಎಂದರೆ ರೋಗ ಎಂದಷ್ಟೇ ಬಾಯಿಪಾಠ ಮಾಡುತ್ತಿದ್ದ ನಮ್ಮ ತರಗತಿಗಳಲ್ಲಿ, ಅದರ ಹೊರಪೊರೆಯ ಪ್ರೋಟೀನುಗಳು ಇತರ ಜೀವಕೋಶಗಳ ಬೆಳವಣಿಗೆಯನ್ನು ಹೇಗೆ ಬದಲಿಸುತ್ತವೆ ಎಂಬ ಕುತೂಹಲವನ್ನು ಹಚ್ಚಿದವರು ಡಾ. ಶಶಿಪ್ರಭಾ ಅವರು. ಬೆಳ್ತಂಗಡಿ ಪಕ್ಕದ ಲಾಯಿಲದಿಂದ ದಿನವೂ ಬಸ್ಸಿನಲ್ಲಿ ಮೂಡುಬಿದಿರೆಯ ಕಾಲೇಜಿಗೆ ಬಂದು, ಮೂರು ದಶಕ ಸೂಕ್ಷ್ಮಜೀವಿಶಾಸ್ತ್ರ ಬೋಧಿಸಿ, ಈ ೨೦೦೯ರಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. “ಯಾಕೆ ಹೀಗೆ?” ಎಂದು ಕೇಳದೆ ಅವರು ಕ್ಯಾಂಟೀನಿನ ಚಹಾವನ್ನೂ ಕುಡಿದವರಲ್ಲ.

ಫರಂಗಿಪೇಟೆಯ ನಾನು ೧೯೯೭ರಲ್ಲಿ ಅವರ ಸಂಶೋಧನಾ ಸಹಾಯಕಿಯಾಗಿ ಸೇರಿದಾಗ ಅವರ ಪಿಎಚ್.ಡಿ. ಪ್ರಬಂಧ ಬಂಟ್ವಾಳದ ಟೈಪಿಂಗ್ ಅಂಗಡಿ ತಲುಪಿತ್ತು. ಹೊರಪೊರೆಯ ಪ್ರೋಟೀನ್ ಹಾಕಿದರೆ ಪ್ರಯೋಗದ ತಟ್ಟೆಯಲ್ಲಿನ ಕೋಶಗಳ ಬೆಳವಣಿಗೆ ನಿಲ್ಲುತ್ತದೆ ಎಂಬುದು ಆರು ವರ್ಷಗಳ ದುಡಿಮೆಯ ಸಾರ. ಅವರ ಬಡ್ತಿಯೂ ಆ ಪದವಿಗಾಗಿ ಕಾದಿತ್ತು.

ಸ್ಪಿರಿಟ್ ತಾಗಿದರೆ ಶಾಯಿ ಅಳಿಸಿಹೋಗುವುದರಿಂದ ನಮ್ಮ ನಳಿಕೆಗಳಿಗೆ ನೈಲ್‌ಪಾಲಿಶಿನ ಗುರುತು. ತಾಜಾ ಪ್ರೋಟೀನಿಗೆ ಕೆಂಪು, ಬೇರೊಂದು ಪರೀಕ್ಷೆಗೆಂದು ಕುದಿಸಿಟ್ಟದ್ದಕ್ಕೆ ಗುಲಾಬಿ. ರಮಝಾನ್ ಬಂದಾಗ ಸಂಜೆಯ ಕೆಲಸವನ್ನು ಅವರೇ ವಹಿಸಿಕೊಂಡರು. “ನೀನು ಹೊರಡು ರಾಫಿಯಾ, ಮಸೀದಿಯಲ್ಲಿ ಬಾಂಗ್ ಆಗುವ ಮೊದಲು ಉಪವಾಸ ಬಿಡಲು ಮನೆ ಸೇರಬೇಕಲ್ಲ. ನಾನು ನೋಡಿಕೊಳ್ತೇನೆ.” ಅಂಥದೊಂದು ಸಂಜೆ ಕರೆಂಟು ಹೋಗಿ, ಮಬ್ಬಿನಲ್ಲಿ ಕೆಂಪಿನ ಬದಲು ಗುಲಾಬಿ ನಳಿಕೆ ಅವರ ಕೈಗೆ ಬಂತು. ಬೆಳಗ್ಗೆ ನಳಿಕೆ ನೋಡಿ ತಪ್ಪು ಗೊತ್ತಾಯಿತು, ಆದರೂ ಕೋಶಗಳು ಎಂದಿನಂತೆ ಬೆಳೆಯದೆ ನಿಂತಿದ್ದವು!

“ಕುದಿಸಿದ ಮೇಲೆ ಪ್ರೋಟೀನ್ ಕೆಟ್ಟುಹೋಗಿರಬೇಕು. ಹಾಗಾದರೆ ಇಷ್ಟು ವರ್ಷ ಕೋಶಗಳನ್ನು ನಿಲ್ಲಿಸಿದ್ದು ಯಾರು?” ಎಂದು ಅವರು ಕೇಳಿದಾಗ ನಾನು ಟೈಪಿಂಗ್ ಅಂಗಡಿಯಲ್ಲಿದ್ದ ಪ್ರಬಂಧವನ್ನು ನೆನೆದೆ, ಅವರ ಕಣ್ಣುಗಳು ಮಾತ್ರ ಅರಳಿದ್ದವು. ಸಹೋದ್ಯೋಗಿ ಕಮಲಾಕ್ಷರು ಅಕ್ಕರೆಯಿಂದಲೇ ಬುದ್ಧಿ ಹೇಳಿದರು: “ಕೈತಪ್ಪಿ ಆದದ್ದು ಮಾರಾಯ್ರೆ, ಬಿಟ್ಟುಬಿಡಿ. ಯಾರು ನೋಡ್ತಾರೆ?”

“ನಾನು ನೋಡಿದೆನಲ್ಲ.”

ಬೇಕೆಂದೇ ಇನ್ನೊಮ್ಮೆ ಕುದಿಸಿ ಹಾಕಿದರು. ಫಲಿತಾಂಶ ಬದಲಾಗಲಿಲ್ಲ. ಮರುದಿನ ಬಂಟ್ವಾಳಕ್ಕೆ ಹೋಗಿ ಪ್ರಬಂಧವನ್ನು ವಾಪಸು ತಂದರು.

ಮತ್ತೆ ನಾಲ್ಕು ವರ್ಷ ಹಿಡಿಯಿತು. ಪ್ರೋಟೀನಿಗೆ ಅಂಟಿಕೊಂಡು ಬರುವ, ಕುದಿಸಿದರೂ ಜಗ್ಗದ ಬೇರೊಂದು ವಿಷವೇ ಕೋಶಗಳನ್ನು ತಡೆಯುತ್ತಿತ್ತು. ಅದನ್ನು ತೆಗೆದು ಶುದ್ಧ ಮಾಡಿದ ಪ್ರೋಟೀನ್, ಅಲ್ಪ ಪ್ರಮಾಣದಲ್ಲಿ, ಕೋಶಗಳ ಬೆಳವಣಿಗೆಯನ್ನು ಹೆಚ್ಚಿಸಿತು. ೨೦೦೨ರಲ್ಲಿ ಪದವಿ ಬಂದಾಗ ಬಡ್ತಿ ಬೇರೆಯವರ ಪಾಲಾಗಿತ್ತು. ಬೇಸರವಾಗಲಿಲ್ಲವೇ ಎಂದು ಕೇಳಿದೆ. “ಆಯ್ತು, ಸುಳ್ಳು ಯಾಕೆ ಹೇಳಲಿ? ಆದರೆ ಗೊತ್ತಾಯ್ತಲ್ಲ!” ಎಂದರು. ನಾನು ಸಂಶೋಧನೆಯ ದಾರಿ ಹಿಡಿದದ್ದು ಆ ಮಾತಿನಿಂದ.

ಈ ಲೇಖನಕ್ಕಾಗಿ ಮೊನ್ನೆ ಫೋನ್ ಮಾಡಿ, “ನಾನು ಬೆಳೆದದ್ದು ನಿಮ್ಮಿಂದಲೇ ಎಂದು ಬರೀತೇನೆ ಮೇಡಂ” ಎಂದೆ. ಪರೀಕ್ಷೆಯಲ್ಲಿ ಏನನ್ನೂ ಹಾಕದೆ, ಹೋಲಿಸಿ ನೋಡಲೆಂದೇ ಇಡುವ ತಟ್ಟೆಗೆ ನಾವು ಕಂಟ್ರೋಲ್ ಎನ್ನುತ್ತೇವೆ. ಅವರು ನಕ್ಕು ಕೇಳಿದರು: “ನನ್ನಿಂದಲೇ ಅಂತ ಹೇಗೆ ಗೊತ್ತು? ಕಂಟ್ರೋಲ್ ಉಂಟಾ?”

ಅದಕ್ಕೆ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಇಲ್ಲ ಮೇಡಂ, ನೀವಿಲ್ಲದ ತಟ್ಟೆ ನನ್ನಲ್ಲಿಲ್ಲ. ಲಾಯಿಲದ ಮನೆಯಲ್ಲಿಯೂ “ಯಾಕೆ” ಎಂದು ಕೇಳುತ್ತಲೇ ನೀವು ನೂರ್ಕಾಲ ಬಾಳಬೇಕು. ನೀವಿಲ್ಲದ ಆ ತಟ್ಟೆಯನ್ನು ನೋಡುವ ದಿನ ನನಗೆ ಬಾರದಿರಲಿ.